ಕಾವೇರಿಯ ನೀರುನಾಯಿ: ದೋಣಿಯಿಂದಲೋ, ದಡದಿಂದಲೋ?

ಮಂಡ್ಯ ಜಿಲ್ಲೆಯಲ್ಲಿ ನೀರುನಾಯಿ ಫೋಟೊಗೆ ಎರಡು ದಾರಿ: ರಂಗನತಿಟ್ಟಿನ ದೋಣಿ, ಇಲ್ಲವೇ ಮುತ್ತತ್ತಿ ಕಡೆಯ ನದಿ ದಡ. 150-600 ಎಂಎಂ ಜೂಮ್ ಹಾಕಿ ಎರಡನ್ನೂ ನೋಡಿದ ಮೇಲೆ ಹೇಳುವುದಾದರೆ, ಮುಖ ಬೇಕಿದ್ದರೆ ದೋಣಿ, ನಡವಳಿಕೆ ಬೇಕಿದ್ದರೆ ದಡ.

ದೋಣಿಯಲ್ಲಿ ಕೂತರೆ ಲೆನ್ಸು ನೀರಿನ ಮಟ್ಟಕ್ಕೆ ಹತ್ತಿರ ಇಳಿಯುತ್ತದೆ, ಕಣ್ಣಿಗೆ ಕಣ್ಣು ಸಿಗುತ್ತದೆ. ಟ್ರೈಪಾಡ್ ಮಾತ್ರ ದಂಡ: ಹುಟ್ಟು ಹಾಕಿದಾಗಲೆಲ್ಲ ಅದುರು ನೇರ ಕ್ಯಾಮೆರಾಕ್ಕೆ ಏರುತ್ತದೆ. ಕೈಯಲ್ಲೇ ಹಿಡಿದು, ಶಟರ್ ವೇಗ 1/1600 ಸೆಕೆಂಡಿಗಿಂತ ಕೆಳಗಿಳಿಸಬೇಡಿ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾದಲ್ಲಿ 600 ಎಂಎಂ, ಎಫ್/6.3 ಅಪರ್ಚರ್, 20 ಮೀಟರ್ ದೂರ ಅಂದರೆ ಫೋಕಸ್ ನಿಲ್ಲುವ ಆಳ 40 ಸೆಂ.ಮೀ. ಆಸುಪಾಸು, ಬಾಲ ಸೇರಿ ಮೀಟರುದ್ದದ ಪ್ರಾಣಿ ನೇರ ನಿಮ್ಮತ್ತ ಈಜಿದರೆ ಮೀಸೆ ಚೂಪು, ಬೆನ್ನು ಮಸುಕು. ತಲೆಯಷ್ಟೇ ಮೇಲಿದ್ದಾಗ ಕಣ್ಣು ಹುಡುಕುವ ಆಟೊಫೋಕಸ್ ಅಲೆಗೆ ಹೋಗಿ ಅಂಟಿಕೊಳ್ಳುತ್ತದೆ. ಫೋಕಸ್ ಪಾಯಿಂಟ್‌ಗಳ ಚಿಕ್ಕ ಗುಂಪನ್ನು ನೀವೇ ಆರಿಸುವುದೇ ವಾಸಿ. ಪೋಲರೈಸರ್ ಫಿಲ್ಟರ್ ಒದ್ದೆ ತುಪ್ಪಳದ ಹೊಳಪು ಇಳಿಸುತ್ತದೆ ನಿಜ, ಆದರೆ ಒಂದೂವರೆ ಸ್ಟಾಪ್, ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕು ತಿಂದು, ದೋಣಿ ತಿರುಗಿದಾಗಲೆಲ್ಲ ತಿರುಗಿಸು ಎನ್ನುತ್ತದೆ. ಬಿಟ್ಟುಬಿಡಿ. ಇಷ್ಟರ ಮೇಲೆ, ಮೀನು ತಿನ್ನುವ ಗುಂಪು ಸಿಕ್ಕ ಹೊತ್ತಿಗೆ ಸುತ್ತು ಮುಗಿದಿರುತ್ತದೆ. ಪಕ್ಕದವರ ಸೆಲ್ಫಿ ಗದ್ದಲ ಬೇರೆ.

ದಡದಲ್ಲಿ ಮೊದಲ ಕೆಲಸ ಕ್ಯಾಮೆರಾದ್ದಲ್ಲ, ಹಿಕ್ಕೆ ಹುಡುಕುವುದು. ಅರಣ್ಯ ಇಲಾಖೆ ಬಿಡುವ ಜಾಗದಲ್ಲಷ್ಟೇ, ನೀರಂಚಿನ ಬಂಡೆಗಳ ಮೇಲೆ ನೋಡಿ: ಮೀನಿನ ಹುರುಪೆ, ಮುಳ್ಳಿನ ಚೂರು, ಗಪ್ಪೆನ್ನುವ ವಾಸನೆ. ಕಪ್ಪಗೆ ಒದ್ದೆಯಿದ್ದರೆ ಹೊಸದು. ಬೆಳ್ಳಗೆ ಪುಡಿಯಾಗಿದ್ದರೆ ಅಲ್ಲಿ ಕಾಯುವುದು ದಂಡ. ಹೊಸದು ಸಿಕ್ಕರೆ ಸೂರ್ಯ ಬೆನ್ನಿಗೆ, ಗಾಳಿ ಮುಖಕ್ಕೆ ಬರುವಂತೆ ದೂರ ಕೂತು, ಎರಡು ಕೆ.ಜಿ. ರಾಗಿ ತುಂಬಿದ ಚೀಲದ ಮೇಲೆ ಲೆನ್ಸಿಡಿ. ಮರಳಲ್ಲಿ ಹೊರಳಾಟಕ್ಕೆ 1/800 ಸಾಕು, ಮೀನು ಎಳೆದಾಡುವಾಗ 1/2000 ಬೇಕು. ನೆರಳಿನ ಕಪ್ಪು ನೀರಲ್ಲಿ ಕ್ಯಾಮೆರಾ ಪ್ರಾಣಿಯನ್ನು ಬೂದಿ ಬಣ್ಣ ಮಾಡುತ್ತದೆ, ಎಕ್ಸ್‌ಪೋಶರ್ ಹೊಂದಾಣಿಕೆಯಲ್ಲಿ ಮೈನಸ್ 0.7 ಕೊಡಿ, ಎದುರು ಬಿಸಿಲಿನ ಥಳಥಳ ನೀರಲ್ಲಿ ಪ್ಲಸ್ 0.7. ಬಿಸಿಲೇರಿದರೆ ಕಾದ ಬಂಡೆಯ ಮೇಲಿನ ಗಾಳಿ ನಡುಗಿ ದೂರದ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಯಾವ ಲೆನ್ಸೂ ಮದ್ದಲ್ಲ.

ಕೆಳಮಟ್ಟದ ಕೋನ ಬೇಕೆಂದು ನೀರಂಚಿನಲ್ಲಿ ಬೋರಲು ಮಲಗುವುದು ಬೇಡವೇ ಬೇಡ, ಕಾವೇರಿಯಲ್ಲಿ ಮೊಸಳೆಗಳಿವೆ. ಗುಂಪು ಕತ್ತು ನೀಟಿ ನಿಮ್ಮತ್ತಲೇ ನೋಡುತ್ತ ಬುಸುಗುಟ್ಟಿದರೆ ತೀರ ಹತ್ತಿರ ಬಂದಿದ್ದೀರಿ ಅಂತ, ಹಿಂದೆ ಸರಿಯಿರಿ. ಮರಿಗಳಿರುವ ಬಿಲದ ಎದುರು ದೋಣಿಯೂ ಬೇಡ, ದಡವೂ ಬೇಡ.

ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಕೆಳಗೆ ಮುತ್ತತ್ತಿ ಕಡೆ ಹಿಕ್ಕೆಯ ಬಂಡೆಗಳೂ ಮುಳುಗುತ್ತವೆ. ಹೊರಡುವ ಮುನ್ನ ಹೊರಹರಿವು ವಿಚಾರಿಸಿಕೊಳ್ಳಿ.