ಹಳ್ಳದ ಹುಚ್ಚಿನವರಿಗೆ ಟೋಪೋಶೀಟ್: ಆಗುಂಬೆ ಹಾಳೆ

ಕೇಂದ್ರ ಸರ್ಕಾರದ ನಕ್ಷೆ ಇಲಾಖೆಯಾದ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ರಸ್ತೆ ಎಲ್ಲ ತೋರಿಸುವ ನಕ್ಷೆ) ಅಂದ್ರೆ ಭೂಗೋಳದ ಮೇಷ್ಟ್ರಿಗೆ ಮಾತ್ರ ಅಂತ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಮಲೆನಾಡಿನ ಹಳ್ಳ ನೋಡುವ ಹುಚ್ಚಿದ್ದವರು ಬಿಡಬೇಡಿ. ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ.

ಅಳತೆ 1:50,000. ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದಲ್ಲಿ 1 ಕಿಲೋಮೀಟರ್. ಕಂದು ಗೆರೆಗಳು ಎತ್ತರ ಹೇಳುತ್ತವೆ. ಹಳ್ಳ ಕೊರೆದ ಕಡೆ ಅವು ಬಾಗಿ ಮೊನೆಯಾಗುತ್ತವೆ, ಮೊನೆ ಯಾವಾಗಲೂ ಹಳ್ಳದ ಮೇಲ್ಭಾಗಕ್ಕೇ ಮುಖ ಮಾಡಿರುತ್ತದೆ. ಅದನ್ನೇ ಹಿಡಿದು ಹೋದರೆ ಹಳ್ಳ ಶುರುವಾಗುವ ಕಣಿವೆ ಗೊತ್ತಾಗುತ್ತದೆ. ನೀರಿರುವ ಹಳ್ಳ ನೀಲಿ, ಒಣಗುವ ಹಳ್ಳ ಕಪ್ಪು. ಬೇಸಿಗೆಯಲ್ಲಿ ಹೊರಡುವವರಿಗೆ ಇದೊಂದೇ ಸಾಕು, ಅಲ್ವಾ?

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆಗುಂಬೆಯ ದಿಣ್ಣೆ. ಅದರ ಪಡುವಲಿಗೆ ಬಿದ್ದ ಮಳೆ ಸೀತಾ ನದಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೂಡಲಿಗೆ ಬಿದ್ದದ್ದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆ ಅಂತ ಸುತ್ತಿ ಬಂಗಾಳಕೊಲ್ಲಿಗೆ. ಎಲ್ಲ ಒಂದೇ ಮೋಡದ ನೀರು!

ಪ್ರಿಂಟ್ ಮಾತ್ರ ಕಲರಿನಲ್ಲೇ ತೆಗೆಸಿ. ನಮ್ಮೂರಿನ ಜೆರಾಕ್ಸ್ ಅಂಗಡಿಯವರು ಕಪ್ಪು-ಬಿಳುಪಿನಲ್ಲಿ ಕೊಟ್ಟರು. ಹಳ್ಳ, ರಸ್ತೆ, ಎತ್ತರದ ಗೆರೆ ಎಲ್ಲ ಸೇರಿ ಶ್ಯಾವಿಗೆ ಆಗಿಹೋಯಿತು. ಹಾಳೆಗೆ ಹೊಂದಲಿ ಅಂತ ಕುಗ್ಗಿಸಿದರೆ 2 ಸೆಂಟಿಮೀಟರ್ ಲೆಕ್ಕವೂ ಕೆಡುತ್ತದೆ.

ಕಾಡಿನ ಗಡಿಯೂ ನಕ್ಷೆಯಲ್ಲಿದೆ, ಒಳಗೆ ಹೋಗುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ಇಂಬಳ (ರಕ್ತ ಹೀರುವ ಕಾಡು ಜಿಗಣೆ) ಎಲ್ಲೆಲ್ಲಿ ಅಂತ ಗುರುತಿಲ್ಲ. ಅದನ್ನು ಬಿಡಿಸೋಕೆ ಸುಣ್ಣ, ಹೊಗೆಸೊಪ್ಪು ನೀವೇ ತಗೊಂಡು ಹೋಗಿ.