ಬೆವರು ಬಂದ ಮೇಲಷ್ಟೇ ನಿಜ ಹೇಳುವ ಎದೆಪಟ್ಟಿ

ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಕೊಂಡು ಸೈಕಲ್ ತುಳಿಯಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಕಂಪನಿಯ ಹೆಸರು ಹೇಳುವುದಿಲ್ಲ. ಕ್ಲಬ್ಬಿನಲ್ಲಿ ಬೇರೆ ಬೇರೆ ಕಂಪನಿಯ ಪಟ್ಟಿ ಕಟ್ಟುವವರೆಲ್ಲ ಗೊಣಗುವುದು ಇದೇ ವಿಷಯಕ್ಕೆ. ಬ್ಲೂಟೂತ್ ಇದೆಯಾ, ಮಳೆಯಲ್ಲಿ ನೆನೆದರೆ ಏನಾಗುತ್ತದೆ, ಇವೆಲ್ಲ ಡಬ್ಬಿಯ ಮೇಲೆ ಇರುತ್ತದೆ, ಓದಿಕೊಳ್ಳಿ. ಡಬ್ಬಿಯ ಮೇಲೆ ಇಲ್ಲದ ಮಾತು ಒಂದೇ. ಮೊದಲ ಹತ್ತು ನಿಮಿಷ ಇದು ಬಾಯಿಗೆ ಬಂದದ್ದು ಹೇಳುತ್ತದೆ.

ಸುಮ್ನೆ ಹೇಳುತ್ತಿಲ್ಲ. ಕಾಲು ಇನ್ನೂ ಬಿಸಿಯಾಗಿರುವುದಿಲ್ಲ, ಪಕ್ಕದವರ ಜೊತೆ ಹರಟುತ್ತಾ ಹೋಗುತ್ತಿರುತ್ತೇನೆ, ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರಿನ ಪರದೆಯ ಮೇಲೆ 190 ಅಂತ ತೋರಿಸುತ್ತದೆ. ಅರ್ಧ ನಿಮಿಷಕ್ಕೆ 70. ಮತ್ತೆ 205. ಒಮ್ಮೆ ಪಕ್ಕದಲ್ಲಿದ್ದ ಹಿರಿಯರು ಬಗ್ಗಿ ನೋಡಿ, "ಏನ್ರೀ, ಹೃದಯ ಬಾಯಿಗೇ ಬಂದಿದೆಯಲ್ಲ!" ಅಂತ ನಕ್ಕರು. ಆಮೇಲೆ ಗುಂಪಿಗೆಲ್ಲ ಅದೇ ತಮಾಷೆ.

ಕಾರಣ ದೊಡ್ಡ ರಹಸ್ಯವೇನಲ್ಲ. ಈ ಪಟ್ಟಿ ನಾಡಿ ಹಿಡಿದು ನೋಡುವುದಿಲ್ಲ, ಇಸಿಜಿಯ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದ ಹಿಡಿಯುತ್ತದೆ. ಒಣ ಚರ್ಮದಿಂದ ಆ ಸಂಕೇತ ಸರಿಯಾಗಿ ದಾಟುವುದಿಲ್ಲ. ಬೆವರಿನಲ್ಲಿ ಉಪ್ಪಿದೆ, ಬೆವರು ಬಂದ ಮೇಲೆ ದಾರಿ ಸಲೀಸು. ಅಂದರೆ ನೀವು ಬೆವರು ಸುರಿಸುವ ತನಕ ಯಂತ್ರ ನಿಜ ಹೇಳುವುದಿಲ್ಲ! ಇಳಿಜಾರಿನಲ್ಲೂ ಇದೇ ಗೋಳು, ಕಾರಣ ಮಾತ್ರ ಬೇರೆ. ಸಡಿಲವಾದ ಪಾಲಿಯೆಸ್ಟರ್ ಜೆರ್ಸಿ ಗಾಳಿಗೆ ಪಟಪಟ ಬಡಿದು ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಪಟ್ಟಿ ಅದನ್ನೂ ಬಡಿತ ಅಂತ ಎಣಿಸಿಬಿಡುತ್ತದೆ. ಕಾಲಾಡಿಸದೆ ಕೂತಿದ್ದಾಗ ಎದೆಬಡಿತ ಏರಿದರೆ ಬಹುತೇಕ ಜೆರ್ಸಿಯದೇ ಕೈವಾಡ. ಮೈಗಂಟುವ ಜೆರ್ಸಿ ಹಾಕಿದ ದಿನ ಈ ತೊಂದರೆ ಇಲ್ಲ.

ಹಾಗಾಗಿ ಬೆಳಿಗ್ಗೆ ನನ್ನದೊಂದು ಸಣ್ಣ ಪೂಜೆ ಇರುತ್ತದೆ. ಪಟ್ಟಿಯ ಒಳಬದಿಯಲ್ಲಿ ಎರಡು ಒರಟು ರಬ್ಬರ್ ಪಟ್ಟೆಗಳಿವೆ, ಅವನ್ನು ನಲ್ಲಿಯ ಕೆಳಗೆ ಹಿಡಿದು ಬೆರಳಿನಿಂದ ಉಜ್ಜುತ್ತೇನೆ. ಬರೀ ನೀರು ಚಿಮುಕಿಸಿದರೆ ಸಾಲದು, ಉಜ್ಜಬೇಕು. ಚಳಿಗಾಲದಲ್ಲಿ ಆ ಒದ್ದೆ ಪಟ್ಟಿ ಎದೆಗೆ ತಾಗಿದರೆ ಮೈ ಜುಂ ಅನ್ನುತ್ತದೆ, ಕಾಫಿಗಿಂತ ಬೇಗ ನಿದ್ದೆ ಬಿಡಿಸುವುದು ಅದೇ. ಪಟ್ಟಿಯನ್ನು ಎದೆಯ ಸ್ನಾಯುವಿನ ಸ್ವಲ್ಪ ಕೆಳಗೆ ಬರುವ ಹಾಗೆ ಎಳೆದು ಕಟ್ಟಿ, ದೀರ್ಘ ಉಸಿರು ತೆಗೆದುಕೊಂಡು ಬಿಗಿ ನೋಡುತ್ತೇನೆ. ಆಮೇಲೆ ಸೆನ್ಸರನ್ನು ಎರಡು ಗುಂಡಿಗೆ ಒತ್ತಿದರೆ ಟಕ್ ಟಕ್. ಶೂ ಕಟ್ಟಿಕೊಳ್ಳುವಷ್ಟರಲ್ಲಿ ಪರದೆಯ ಮೇಲೆ 62, 64 ಅಂತ ಅಂಕಿ ನಿಂತರೆ ಏನೋ ಸಮಾಧಾನ. ನಿಲ್ಲದಿದ್ದರೆ ಇನ್ನೊಮ್ಮೆ ನಲ್ಲಿಯ ಹತ್ತಿರ. ಆಸ್ಪತ್ರೆಗಳಲ್ಲಿ ಹಚ್ಚುವಂಥ ಎಲೆಕ್ಟ್ರೋಡ್ ಜೆಲ್ ಹಚ್ಚಿದರೆ ಇನ್ನೂ ಒಳ್ಳೆಯದು, ನೀರಿನ ಹಾಗೆ ಬೇಗ ಆರುವುದಿಲ್ಲ. ನನಗೆ ಮಾತ್ರ ಆ ಅಂಟು ಆಗಿಬರುವುದಿಲ್ಲ.

ಇಷ್ಟೆಲ್ಲ ಮಾಡಿ ಹೊರಟರೂ ಕ್ಲಬ್ಬಿನವರು ಸೇರುವ ಜಾಗದಲ್ಲಿ ಉಳಿದವರಿಗಾಗಿ ಕಾಯುತ್ತಾ ನಿಲ್ಲುವಷ್ಟರಲ್ಲಿ ನೀರು ಆರಿರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಕ್ಲಬ್ ರೈಡ್‌ನಲ್ಲಿ ಅಂಕಿ ಬೇಕಾಗುವುದೇ ಆ ಮೊದಲ ಹತ್ತು ನಿಮಿಷದಲ್ಲಿ. ಎಲ್ಲರ ಕಾಲೂ ತಾಜಾ ಇರುತ್ತದೆ, ಯಾರೋ ಒಬ್ಬರು ಮುಂದೆ ಹೋಗಿ ವೇಗ ಏರಿಸುತ್ತಾರೆ, ಬಿಟ್ಟುಹೋಗಬಾರದು ಅಂತ ಉಳಿದವರೂ ಬೆನ್ನು ಹತ್ತುತ್ತಾರೆ. ಆಗ ಸುಟ್ಟ ಶಕ್ತಿ ಕೊನೆಯ ಏರಿನಲ್ಲಿ ಸಿಗುವುದಿಲ್ಲ. "ಸ್ವಲ್ಪ ತಡಿ" ಅಂತ ಯಂತ್ರ ಹೇಳಬೇಕಾದ ಹೊತ್ತಿಗೆ ಅದು ಹುಚ್ಚುಚ್ಚಾಗಿ ಲೆಕ್ಕ ಹಾಕುತ್ತಾ ಕೂತಿರುತ್ತದೆ.

ಇನ್ನೊಂದು ಮಾತು, ಹೊಸ ಪಟ್ಟಿಯನ್ನು ಸೈಕಲ್ ಕಂಪ್ಯೂಟರಿಗೆ ಜೋಡಿಸುವ ಕೆಲಸ ಮನೆಯಲ್ಲೇ ಮುಗಿಸಿ. ಗುಂಪಿನ ನಡುವೆ ನಿಂತು ಹುಡುಕಿದರೆ ಅಕ್ಕಪಕ್ಕದವರ ಪಟ್ಟಿಗಳೆಲ್ಲ ಪರದೆಯಲ್ಲಿ ಬರುತ್ತವೆ, ಯಾರ ಎದೆ ಯಾವುದು ಅಂತ ಗೊತ್ತಾಗುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ ಬೇಜಾರು ಜಾಸ್ತಿ. ಸೆನ್ಸರ್ ಗಟ್ಟಿ, ಅದಕ್ಕೆ ಬೇಕಾದ ಸಿಆರ್2032 ಬಟನ್ ಸೆಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಸಾಯುವುದು ಬಟ್ಟೆ. ಬೆವರಿನ ಉಪ್ಪು ಕೂತು ಕೂತು ಒಳಗಿನ ವಾಹಕ ಪದರ ಹಾಳಾಗುತ್ತದೆ, ಆಮೇಲೆ ಹತ್ತು ನಿಮಿಷದ ಸುಳ್ಳು ಅರ್ಧ ಗಂಟೆಗೆ ಬೆಳೆಯುತ್ತದೆ. ನನ್ನ ಮೊದಲ ಪಟ್ಟಿ ಹೀಗಾದಾಗ ಕಂಪನಿಗೆ ಬರೆದೆ. ಸೆನ್ಸರಿಗೆ ವಾರಂಟಿ ಇದೆ, ಬಟ್ಟೆಗೆ ಇಲ್ಲ, ಒಗೆದು ನೋಡಿ ಅಂತ ಉತ್ತರ ಬಂತು. ಒಗೆಯದೆ ಬಿಟ್ಟಿದ್ದೆನಾ? ಪ್ರತಿ ರೈಡ್ ಆದ ಮೇಲೂ ನೀರಿನಲ್ಲಿ ಜಾಲಿಸಿ, ವಾರಕ್ಕೊಮ್ಮೆ ಮೆದು ಸೋಪಿನಲ್ಲಿ ಕೈಯಲ್ಲೇ ಒಗೆದು, ನೆರಳಲ್ಲಿ ಒಣಗಿಸುತ್ತೇನೆ. ಸೆನ್ಸರನ್ನೂ ಬಿಚ್ಚಿಡುತ್ತೇನೆ, ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಇಟ್ಟರೆ ಅದು ಇನ್ನೂ ಮೈಮೇಲಿದ್ದೇನೆ ಅಂದುಕೊಂಡು ಸೆಲ್ ತಿನ್ನುತ್ತದೆ. ಇಷ್ಟು ಆರೈಕೆ ನನ್ನ ಸೈಕಲ್ ಚೈನಿಗೂ ಸಿಕ್ಕಿಲ್ಲ.

ಸಿಟ್ಟಿನಲ್ಲಿ ಕೆಲವು ವಾರ ಕೈಗಡಿಯಾರದ ಸೆನ್ಸರಿನಲ್ಲೇ ಕಾಲ ಹಾಕಿದೆ. ಅದು ಹಸಿರು ಬೆಳಕು ಬಿಟ್ಟು ಚರ್ಮದೊಳಗಿನ ರಕ್ತದ ಓಟ ನೋಡುವಂಥದ್ದು. ಹ್ಯಾಂಡಲ್ ಬಿಗಿಯಾಗಿ ಹಿಡಿದು ಮಣಿಕಟ್ಟು ಬಗ್ಗಿಸಿ, ಮೇಲಿಂದ ರಸ್ತೆಯ ಅದುರುವಿಕೆ ಬೇರೆ, ಅಂಕಿ ಕೆಲವೊಮ್ಮೆ ತಪ್ಪಿದ್ದೇ ಗೊತ್ತಾಗುವುದಿಲ್ಲ. ಎದೆಪಟ್ಟಿಯ ಸುಳ್ಳು ಕಣ್ಣಿಗೆ ರಾಚುತ್ತದೆ, ಗಡಿಯಾರದ್ದು ನಂಬುವ ಹಾಗಿರುತ್ತದೆ. ಅದು ಇನ್ನೂ ಅಪಾಯ. ತೋಳಿಗೆ ಕಟ್ಟುವ ಬೆಳಕಿನ ಸೆನ್ಸರ್ ಇದಕ್ಕಿಂತ ಎಷ್ಟೋ ವಾಸಿ ಅಂತ ಅದನ್ನು ಬಳಸುವ ಗೆಳೆಯ ಹೇಳುತ್ತಾನೆ.

ವಾಪಸ್ ಎದೆಪಟ್ಟಿಗೇ ಬಂದೆ. ಯಾಕೆಂದರೆ ಬೆವರು ಬಂದ ಮೇಲೆ ಇದರಷ್ಟು ನೆಚ್ಚಬಹುದಾದ ಸಾಮಾನು ನನ್ನ ಬಜೆಟ್ಟಿನಲ್ಲಿ ಬೇರೆ ಇಲ್ಲ. ತುಳಿತದ ಶಕ್ತಿಯನ್ನೇ ನೇರವಾಗಿ ಅಳೆಯುವ ಪವರ್ ಮೀಟರ್ ಆಸೆ ಇದೆ, ದುಡ್ಡಿಲ್ಲ, ಅಷ್ಟೇ.

ಖುಷಿ ಕೊಟ್ಟದ್ದು ನಾನು ಎಣಿಸಿರದ ಒಂದು ಸಂಗತಿ. ಗುಂಪಿನ ಮುಂದೆ ನಿಂತು ಗಾಳಿ ಸೀಳುತ್ತಿದ್ದಾಗ 168 ಇದ್ದ ಬಡಿತ, ಸರದಿ ಮುಗಿಸಿ ಹಿಂದಿನ ಚಕ್ರಕ್ಕೆ ಸರಿದು ಒಂದೆರಡು ನಿಮಿಷದಲ್ಲಿ 150ರ ಆಸುಪಾಸಿಗೆ ಇಳಿಯುತ್ತದೆ, ವೇಗ ಮಾತ್ರ ಅದೇ. ಗಂಟೆಗೆ 40 ಕಿ.ಮೀ. ಹತ್ತಿರದ ವೇಗದಲ್ಲಿ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಹೋದರೆ ಶ್ರಮದ ಕಾಲು ಭಾಗದಷ್ಟು ಉಳಿಯುತ್ತದೆ ಅಂತ ಓದಿದ್ದೆ. ಓದುವುದು ಬೇರೆ, ಸ್ವಂತ ಎದೆಯಲ್ಲಿ ನೋಡುವುದು ಬೇರೆ. ಅಂದಿನಿಂದ ಮುಂದೆ ಜಾಸ್ತಿ ಹೊತ್ತು ನಿಲ್ಲುವವರ ಮೇಲೆ ನನ್ನ ಗೌರವ ಹೆಚ್ಚಿದೆ. ಕೊನೆವರೆಗೂ ಹಿಂದೆಯೇ ಅವಿತು ಬಂದು ಊರಿನ ಬೋರ್ಡಿನ ಹತ್ತಿರ ಸ್ಪ್ರಿಂಟ್ ಹೊಡೆಯುವವರ ಮೇಲೆ ಏನು ಹೆಚ್ಚಿದೆ ಅಂತ ಬರೆಯುವುದಿಲ್ಲ.

ಒಬ್ಬನೇ ಹೋಗುವ ದಿನಗಳಲ್ಲೂ ಲಾಭ ಇದೆ. ಅತ್ಯುನ್ನತ ಮಟ್ಟದ ಸೈಕ್ಲಿಸ್ಟ್‌ಗಳು, ಸ್ಕೀ ಓಟಗಾರರು ತರಬೇತಿಯ ನೂರಕ್ಕೆ ಸುಮಾರು 80 ಭಾಗ ನಿಧಾನವಾಗಿಯೇ ಮಾಡುತ್ತಾರೆ ಅಂತ ಸ್ಟೀಫನ್ ಸೈಲರ್ ಎಂಬ ಸಂಶೋಧಕರು ತೋರಿಸಿದ್ದು ಈಗ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಚಪ್ಪಟೆ ರಸ್ತೆ ಸಿಕ್ಕಿದರೆ ಕಾಲು ಕೇಳಬೇಕಲ್ಲ? ಪಟ್ಟಿ ಕೇಳಿಸುತ್ತದೆ. ಆದರೆ 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಹಾಕಿಕೊಳ್ಳಬೇಡಿ, ಅದು ಒಬ್ಬೊಬ್ಬರಿಗೆ 10–12 ಬಡಿತ ಆಚೀಚೆ ಆಗುವುದು ಮಾಮೂಲಿ. ನನ್ನ ಗರಿಷ್ಠ ಅಂಕಿ ಸಿಕ್ಕಿದ್ದು ಉದ್ದದ ಏರಿನಲ್ಲಿ ಗುಂಪಿನ ಬೆನ್ನು ಬಿದ್ದಾಗ, ಆ ಲೆಕ್ಕಕ್ಕಿಂತ ಸಾಕಷ್ಟು ಮೇಲಿತ್ತು. ಕಂಪ್ಯೂಟರಿಗೆ ಅದನ್ನು ಹಾಕಿದ ಮೇಲೆ ಜೋನ್ 2, ಅಂದರೆ ಆರಾಮವಾಗಿ ತುಳಿಯುವಾಗಿನ ಬಡಿತದ ಮಿತಿ, ಅನ್ನುವುದಕ್ಕೆ ಒಂದು ಅರ್ಥ ಬಂತು.

ಫಿಟ್‌ನೆಸ್ ಏರಿದೆಯಾ ಅಂತ ನೋಡಲು ನಾನು ಒಂದೇ ಏರು, ಒಂದೇ ಗೇರು ಇಟ್ಟುಕೊಂಡಿದ್ದೇನೆ. ಮೊದಲಿನಷ್ಟೇ ನಿಮಿಷದಲ್ಲಿ ಹತ್ತಿದರೂ ಈಗ ಬಡಿತ ಕಡಿಮೆ. ಒಂದು ದಿನದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನಿದ್ದೆ ಕೆಟ್ಟರೆ, ಬಿಸಿಲಿದ್ದರೆ ಅಂಕಿ ಬದಲಾಗುತ್ತದೆ. ನೀರು ಕಡಿಮೆ ಕುಡಿದ ದಿನ ಎರಡನೇ ಗಂಟೆಯ ಹೊತ್ತಿಗೆ ಅಷ್ಟೇ ಶ್ರಮಕ್ಕೆ ಬಡಿತ ತಾನಾಗಿ ಮೇಲೇರುತ್ತದೆ. ಚಿಕ್ಕ ಸ್ಪ್ರಿಂಟ್‌ಗಳಿಗಂತೂ ಇದು ಪ್ರಯೋಜನಕ್ಕಿಲ್ಲ, ಬಡಿತ ಏರುವಷ್ಟರಲ್ಲಿ ಸ್ಪ್ರಿಂಟ್ ಮುಗಿದಿರುತ್ತದೆ.

ಮೊದಲ ಹತ್ತು ನಿಮಿಷಕ್ಕೆ ನಾನು ಕಂಡುಕೊಂಡ ಉಪಾಯ ಹಳೆಯದೇ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಅಳತೆ 6ರಿಂದ 20ರವರೆಗೆ ಹೋಗುತ್ತದೆ. ಎಷ್ಟು ಕಷ್ಟ ಅನ್ನಿಸುತ್ತಿದೆ ಅನ್ನುವುದಕ್ಕೆ ಒಂದು ಅಂಕಿ ಕೊಟ್ಟು ಹತ್ತರಿಂದ ಗುಣಿಸಿದರೆ ಎದೆಬಡಿತದ ಅಂದಾಜು ಸಿಗುತ್ತದೆ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ 11–12, ಏದುಸಿರಿನಲ್ಲಿ ಎರಡು ಪದ ಮಾತ್ರ ಬಂದರೆ 16ರ ಮೇಲೆ. ಬೆವರು ಬರುವವರೆಗೆ ಪರದೆಯಲ್ಲಿ ನಕ್ಷೆಯ ಪುಟ ಹಾಕಿಕೊಂಡಿರುತ್ತೇನೆ, ತಮಾಷೆ ಮಾಡುವವರಿಗೂ ಏನೂ ಕಾಣುವುದಿಲ್ಲ.

ಪವರ್ ಮೀಟರ್ ಇರುವವರು ಇದಕ್ಕಾಗಿ ಒದ್ದಾಡಬೇಕಿಲ್ಲ. ನನ್ನಂತೆ ವಾರದ ಕೊನೆಯಲ್ಲಿ ಕ್ಲಬ್, ನಡುವೆ ಒಂದೆರಡು ದಿನ ಒಬ್ಬಂಟಿ ತುಳಿಯುವವರು ಧೈರ್ಯವಾಗಿ ತೆಗೆದುಕೊಳ್ಳಿ, ಐದರಲ್ಲಿ ನಾಲ್ಕು ಕೊಡುತ್ತೇನೆ. ಕೊಳ್ಳುವ ಮುಂಚೆ ಬಟ್ಟೆಯ ಪಟ್ಟಿ ಬೇರೆಯಾಗಿ ಮಾರುತ್ತಾರಾ ಅಂತ ಕೇಳಿ. ಇಲ್ಲ ಅಂದರೆ ಆ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ.