21 ಚೌಕದ ಡೈರಿ: ಎಂಟು ತಿಂಗಳು ತುಂಬಿದ ಮೇಲೆ

ಮುಖಪುಟದ ಮೇಲೆ ಚಿನ್ನದ ಬಣ್ಣದಲ್ಲಿ ‘ದಿನಕ್ಕೆ ಐದೇ ನಿಮಿಷ, 21 ದಿನದಲ್ಲಿ ಬದುಕೇ ಬದಲು’ ಎಂದಿದೆ. ಅಭ್ಯಾಸ ಬೆಳೆಸಿಕೊಳ್ಳಲೆಂದು ಮಾಡಿದ ಡೈರಿ ಇದು: ಒಂದು ಪುಟವೆಂದರೆ 21 ಚೌಕಗಳ ಒಂದು ಸುತ್ತು, ಅಂದಿನ ಕೆಲಸ ಮುಗಿದರೆ ದಿನಕ್ಕೊಂದು ಚೌಕದಲ್ಲಿ ಟಿಕ್. ಅಳತೆ, ಪುಟಗಳ ಲೆಕ್ಕವನ್ನೆಲ್ಲ ಕೊಳ್ಳುವ ಮುಂಚೆಯೇ ನೋಡಿರುತ್ತೀರಿ, ಹಾಗಾಗಿ ನೇರವಾಗಿ ದೋಷಕ್ಕೆ ಬರೋಣ. ಪ್ರತಿ ಸುತ್ತಿನ ಪುಟದ ಅಡಿಯಲ್ಲಿ ಕೆಂಪಕ್ಷರದ ನಿಯಮವೊಂದಿದೆ: ಒಂದು ದಿನ ತಪ್ಪಿದರೂ ಮತ್ತೆ ಮೊದಲನೇ ಚೌಕದಿಂದ ಶುರು ಮಾಡಬೇಕು. ಈ ಡೈರಿ ಅರ್ಧಕ್ಕೆ ನಿಂತರೆ ಅದಕ್ಕೆ ಸೋಮಾರಿತನಕ್ಕಿಂತ ಈ ಒಂದು ಸಾಲೇ ಹೆಚ್ಚು ಕಾರಣ.

ಆಗುವುದು ಹೀಗೆ. ದಿನಕ್ಕೆ ಒಂದು ಗಂಟೆ ಪರೀಕ್ಷೆಗೆ ಓದುವ ಗುರಿ ಅನ್ನಿ. ಎಂಟು ದಿನ ಟಿಕ್ ಬೀಳುತ್ತದೆ. ಒಂಬತ್ತನೇ ದಿನ ಮನೆಗೆ ನೆಂಟರು ಬರುತ್ತಾರೆ, ಓದು ತಪ್ಪುತ್ತದೆ. ಪುಟ ತಿರುವಿ ಮತ್ತೆ ಒಂದು. ಎರಡನೇ ಸಲ ಹದಿಮೂರಕ್ಕೆ ನಿಲ್ಲುತ್ತದೆ. ಮೂರನೇ ಸಲಕ್ಕೆ ಮನಸ್ಸು ಎರಡರಲ್ಲೊಂದು ದಾರಿ ಹಿಡಿಯುತ್ತದೆ: ಒಂದು ಗಂಟೆಯ ಓದನ್ನು ಎರಡು ಪುಟಕ್ಕೆ ಇಳಿಸುವುದು, ಇಲ್ಲವೇ ಮಲಗುವ ಮುಂಚೆ ಮಾಡದ ಕೆಲಸಕ್ಕೂ ಟಿಕ್ ಹಾಕುವುದು. ಅಲ್ಲಿಗೆ ಮುಖ್ಯವಾಗುವುದು ಟಿಕ್, ಓದಲ್ಲ.

21 ಎಂಬ ಸಂಖ್ಯೆಗೂ ಗಟ್ಟಿ ಬುಡವಿಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ಪುಸ್ತಕದಲ್ಲಿ ಬರೆದದ್ದು ಬೇರೆ: ಶಸ್ತ್ರಚಿಕಿತ್ಸೆ ಆದವರಿಗೆ ಕನ್ನಡಿಯಲ್ಲಿನ ಹೊಸ ಮುಖ ಒಗ್ಗಲು ‘ಕನಿಷ್ಠ’ ಸುಮಾರು 21 ದಿನ ಬೇಕು. ಕಾಲಕ್ರಮದಲ್ಲಿ ‘ಕನಿಷ್ಠ’ ಉದುರಿಹೋಯಿತು, ಮುಖದ ಮಾತು ಎಲ್ಲ ಅಭ್ಯಾಸಗಳಿಗೂ ಅಂಟಿಕೊಂಡಿತು. ಅಭ್ಯಾಸವನ್ನೇ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 96 ಜನರನ್ನು 84 ದಿನ ಗಮನಿಸಿದ ಆ ಅಧ್ಯಯನದಲ್ಲಿ ಕೆಲಸವೊಂದು ತಾನಾಗಿ ನಡೆಯುವಂತಾಗಲು ಹಿಡಿದ ಮಧ್ಯಮ ಅವಧಿ 66 ದಿನ. ಬೇಗ ಒಗ್ಗಿದವರಿಗೆ 18 ದಿನ, ತಡವಾದವರಿಗೆ, 84 ದಿನದ ಏರಿಕೆಯನ್ನು ಮುಂದಕ್ಕೆ ಚಾಚಿ ಲೆಕ್ಕ ಹಾಕಿದರೆ, ಅಂದಾಜು 254. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂರುತ್ತದೆ, ವ್ಯಾಯಾಮ ತಡ. ಒಂದು ದಿನ ತಪ್ಪಿದ್ದರಿಂದ ಗಣನೀಯ ಹಿನ್ನಡೆಯೇನೂ ಕಾಣಲಿಲ್ಲ. ಕೆಂಪಕ್ಷರದ ನಿಯಮ ಇದಕ್ಕೆ ತದ್ವಿರುದ್ಧ. (ನಮ್ಮಲ್ಲಿ ಮಂಡಲ ಅಂದರೂ 48 ದಿನ, 21ರ ಎರಡು ಪಟ್ಟಿಗಿಂತ ಹೆಚ್ಚು.)

‘ಐದು ನಿಮಿಷ’ ಇರುವುದು ಎದುರು ಪುಟದಲ್ಲಿ. ‘ನಾನು ಪರೀಕ್ಷೆ ಗೆದ್ದಾಗಿದೆ’ ಎಂದು ಹತ್ತು ಸಲ ಬರೆದು, ಕಣ್ಣು ಮುಚ್ಚಿ ಫಲಿತಾಂಶದ ದಿನವನ್ನು ನೆನೆಯಬೇಕಂತೆ. ಇದನ್ನು ಬಿಟ್ಟುಬಿಡಿ. 1999ರಲ್ಲಿ ಪ್ರಕಟವಾದ ಫಾಮ್ ಮತ್ತು ಟೇಲರ್ ಅವರ ಪ್ರಯೋಗದಲ್ಲಿ, ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡ ವಿದ್ಯಾರ್ಥಿಗಳಿಗಿಂತ ತಾವು ಎಲ್ಲಿ, ಯಾವಾಗ, ಹೇಗೆ ಓದುತ್ತೇವೆ ಎಂದು ಕಲ್ಪಿಸಿಕೊಂಡವರೇ ಹೆಚ್ಚು ಓದಿದರು, ಹೆಚ್ಚು ಅಂಕವನ್ನೂ ಪಡೆದರು. ಆ ಹತ್ತು ಸಾಲಿನ ಜಾಗದಲ್ಲಿ ಒಂದೇ ವಾಕ್ಯ ಸಾಕು: ‘ಸಂಜೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಊಟದ ಮೇಜಿನ ಮೇಲೆ ಶೇಕಡಾವಾರಿನ ಐದು ಲೆಕ್ಕ.’ ಯಾವುದಾದ ಮೇಲೆ, ಎಲ್ಲಿ, ಏನು, ಎಷ್ಟು ಎಂಬ ನಾಲ್ಕೂ ಅದರಲ್ಲಿರಬೇಕು. ‘ಸಂಜೆ ಓದುತ್ತೇನೆ’ ಎಂದಷ್ಟೇ ಬರೆದರೆ ಸಂಜೆ ರಾತ್ರಿಯಾಗುತ್ತದೆ. ಲೆಕ್ಕ ಮಾಡಿ, ಉತ್ತರ ತಾಳೆ ನೋಡಿ, ತಪ್ಪಿದ್ದನ್ನು ಮತ್ತೆ ಮಾಡಲು ಮುಕ್ಕಾಲು ಗಂಟೆಯಾದರೂ ಬೇಕು. ಐದು ನಿಮಿಷ ಆ ವಾಕ್ಯ ಬರೆಯುವುದಕ್ಕೆ ಸರಿ.

ಇಷ್ಟು ಹೇಳಿಯೂ ಡೈರಿಯನ್ನು ಬಿಸಾಡಿ ಅನ್ನಲು ಬಾಯಿ ಬರುವುದಿಲ್ಲ. ಅದಕ್ಕೆ ಕಾರಣ ತಯಾರಿಸಿದವರು ಎಲ್ಲೂ ಹೇಳಿಕೊಳ್ಳದ ಒಂದು ಗುಣ. 21 ಚೌಕಗಳು ಮೂರು ಸಾಲಿನಲ್ಲಿವೆ, ಸಾಲಿಗೆ ಏಳು. ಸೋಮವಾರವೇ ಶುರು ಮಾಡಿದರೆ ಮೇಲಿಂದ ಕೆಳಗಿನ ಪ್ರತಿ ಕಂಬಸಾಲು ವಾರದ ಒಂದೊಂದು ದಿನ. ಕೆಲಸವಾದ ದಿನ ಟಿಕ್ ಹಾಕಿ. ತಪ್ಪಿದ ದಿನ ಚೌಕ ಖಾಲಿ ಬಿಡದೆ ಸಣ್ಣ ಸೊನ್ನೆ ಸುತ್ತಿ, ಪಕ್ಕದಲ್ಲಿ ಒಂದೆರಡು ಪದದ ಕಾರಣ ಬರೆಯಿರಿ: ನೆಂಟರು, ಕರೆಂಟಿಲ್ಲ, ಬಸ್ ತಡ. ನಾಲ್ಕು ಪುಟ ಸೇರಿದರೆ 84 ದಿನ, ಸರಿಯಾಗಿ ಹನ್ನೆರಡು ವಾರ. ಆ ಪುಟಗಳನ್ನು ಬ್ಲೇಡಿನಿಂದ ಬಿಡಿಸಿ ಒಂದರ ಕೆಳಗೊಂದು ಅಂಟಿಸಿದರೆ ಸೊನ್ನೆಗಳು ಎಲ್ಲೆಂದರಲ್ಲಿ ಚದುರಿರುವುದಿಲ್ಲ. ಈ ಡೈರಿಯ ಮೊದಲ 84ರಲ್ಲಿ ಗುರುವಾರದ ಕೆಳಗೇ ಏಳು ಸೊನ್ನೆ, ಏಳರ ಪಕ್ಕದಲ್ಲೂ ‘ಬಸ್ ತಡ’. ಗುರುವಾರದ ಲೆಕ್ಕವನ್ನು ಬೆಳಗಿನ ತಿಂಡಿಗೆ ಮುಂಚೆ ಇಟ್ಟ ಎರಡನೇ 84ರಲ್ಲಿ ಅದೇ ಕಂಬಸಾಲಿಗೆ ಎರಡೇ ಸೊನ್ನೆ. ಹಗ್ಗ ಎಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸಿದಂತೆ! ಭಾನುವಾರ ರಾತ್ರಿ ಎರಡು ನಿಮಿಷ ಪುಟ ತೆರೆದು ಬೆರಳನ್ನು ಮೇಲಿಂದ ಕೆಳಗೆ ಎಳೆದು ನೋಡುವುದೇ ಈ ಡೈರಿಯ ಜತೆಗಿನ ಅತಿ ಸುಖದ ಹೊತ್ತು.

ಕಾಗದ ತೆಳು. ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ಬಾಲ್‌ಪೆನ್ನಿಗೆ ತೊಂದರೆಯಿಲ್ಲ. ಬೈಂಡಿಂಗ್ ಬರೀ ಅಂಟಿನದು, ಪುಟ ಚಪ್ಪಟೆಯಾಗಿ ಮಲಗುವುದಿಲ್ಲ. ಬೆನ್ನಿನ ಪಕ್ಕದ ಚೌಕಗಳಲ್ಲಿ ಬರೆಯಲು ಎಡಗೈಯಿಂದ ಒತ್ತಿ ಹಿಡಿದೇ ಇರಬೇಕು. ಐದನೇ ತಿಂಗಳಿಗೆ ಬೆನ್ನು ಬಿರಿಯಿತು.

ಬೆಲೆ 450 ರೂಪಾಯಿ. ಪರೀಕ್ಷೆಗೆ ಓದುತ್ತ ರೂಮು ಬಾಡಿಗೆ ಕಟ್ಟುವವರಿಗೆ ಇದು ದುಬಾರಿ. ಗೆರೆಯಿರುವ ಲಾಂಗ್ ನೋಟ್‌ಬುಕ್ ಒಂದು, ಅಡಿಪಟ್ಟಿ ಒಂದು ಇದ್ದರೆ ಒಂದೇ ಪುಟದಲ್ಲಿ ಹನ್ನೆರಡು ಸಾಲು, ಏಳು ಕಂಬ ಎಳೆಯಬಹುದು. ಚೌಕ ಒಂದೂವರೆ ಸೆಂಟಿಮೀಟರಾದರೂ ಇರಲಿ, ಇಲ್ಲದಿದ್ದರೆ ಕಾರಣ ಬರೆಯಲು ಜಾಗ ಸಾಲದು. ಯಾರಾದರೂ ಉಡುಗೊರೆಯಾಗಿ ಕೊಟ್ಟಿದ್ದರೆ ಇಟ್ಟುಕೊಳ್ಳಿ, ಕೆಂಪಕ್ಷರದ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿ, ಮುಂದಿನ ಸೋಮವಾರದಿಂದ ಶುರು ಮಾಡಿ.